ಓಲೆಗರಿಯಿಂದ ಮಾನಸಗಂಗೋತ್ರಿಗೆ

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಎಣ್ಣೆಯ ಘಾಟು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿಗಳು ಒಣಗಿ ಮುರಿಯದಂತೆ, ಹುಳು ಹಿಡಿಯದಂತೆ ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ. ಸಿಬ್ಬಂದಿಯೊಬ್ಬರು ಕಟ್ಟು ಬಿಚ್ಚಿ ಒಂದು ಗರಿಯನ್ನು ಬೆಳಕಿಗೆ ಹಿಡಿದರು. ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಗೆರೆಗಳಲ್ಲಿ ಮಸಿ ಇನ್ನೂ ಕೂತಿತ್ತು. ದಾರ ಪೋಣಿಸುವ ತೂತಿನ ಸುತ್ತ ಬರೆದವರು ಒಂದಿಷ್ಟು ಜಾಗ ಬಿಟ್ಟಿದ್ದರು. ದಾರ ಉಜ್ಜಿ ಒಂದಕ್ಷರವೂ ಅಳಿಯಬಾರದೆಂಬ ಆ ಜತನ ನೋಡಿ ಮನಸ್ಸು ತುಂಬಿತು.

ಇಂಥದೇ ಒಂದು ಕಟ್ಟು, ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿಯದು, 1905ರಲ್ಲಿ ಇಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳ ಕೈಸೇರಿತು. ಓದಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಅಲ್ಲಿಯವರೆಗೆ ಬೇರೆ ಗ್ರಂಥಗಳ ಉಲ್ಲೇಖಗಳಲ್ಲಷ್ಟೇ ಉಳಿದಿದ್ದ ಕೃತಿ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು.

ಆಗಿನ್ನೂ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿರಲಿಲ್ಲ. ಆಗ ಗ್ರಂಥಾಲಯವೆನಿಸಿದ್ದ ಈ ಸಂಶೋಧನಾಲಯ ಮಾತ್ರ 1891ರದು. ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇದ್ದವು. ಆದರೆ ಪದವಿ ಕೊಡುತ್ತಿದ್ದದ್ದು ಮದರಾಸು ವಿಶ್ವವಿದ್ಯಾನಿಲಯ. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಪಟ್ಟು ಹಿಡಿದು 1916ರ ಜುಲೈ 27ರಂದು ನಮ್ಮದೇ ವಿಶ್ವವಿದ್ಯಾನಿಲಯ ಸ್ಥಾಪಿಸಿದರು. ಬ್ರಿಟಿಷರ ನೇರ ಆಡಳಿತದ ಹೊರಗೆ ಭಾರತದಲ್ಲಿ ತಲೆಯೆತ್ತಿದ ಮೊದಲನೆಯದು ಇದು. ಎಚ್.ವಿ. ನಂಜುಂಡಯ್ಯ ಮೊದಲ ಉಪಕುಲಪತಿ. ಗ್ರಂಥಾಲಯವೂ ಅದರ ಅಂಗವಾಯಿತು. ಆದ್ದರಿಂದಲೇ ಈ ವಿಶ್ವವಿದ್ಯಾನಿಲಯದ ಸಂಶೋಧನೆಯ ವಯಸ್ಸು ಅದರ ವಯಸ್ಸಿಗಿಂತ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ಮಧ್ಯಾಹ್ನ ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಗೆ ಹೋದೆ. ಹೆಸರಿಟ್ಟವರು ಕುವೆಂಪು. 1927ರಲ್ಲಿ ಕನ್ನಡ ಎಂ.ಎ. ಶುರುವಾದಾಗ ಮೊದಲ ತಂಡದ ವಿದ್ಯಾರ್ಥಿ. 1956ರಲ್ಲಿ ಉಪಕುಲಪತಿ, ಇಲ್ಲಿಯೇ ಓದಿ ಆ ಹುದ್ದೆಗೇರಿದ ಮೊದಲಿಗರು. ಸ್ನಾತಕೋತ್ತರ ವಿಭಾಗಗಳೆಲ್ಲ ಒಂದೆಡೆ ಸೇರಲೆಂದು ಕುಕ್ಕರಹಳ್ಳಿ ಕೆರೆಯ ಪಕ್ಕ ಈ ಆವರಣ ಕಟ್ಟಿಸಿದರು. ಮುಂದೆ ಮೈಸೂರಿನ ಒಡಲಿಂದಲೇ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಗಳು ಬೇರೆಯಾದವು. ವ್ಯಾಪ್ತಿ ಕಿರಿದಾಯಿತು ನಿಜ. ತಾಯಿಮನೆಯ ಗೌರವ ಕುಂದಲಿಲ್ಲ.

ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಬಳಿ ಮರದಡಿ ಇಬ್ಬರು ವಿದ್ಯಾರ್ಥಿನಿಯರು ಹಳಗನ್ನಡ ಪದ್ಯವೊಂದನ್ನು ಬಿಡಿಸಿ ಓದುತ್ತಿದ್ದರು. ಒಂದು ಪದದಲ್ಲಿ ತಡವರಿಸಿ, ನಿಘಂಟು ತಿರುವಿ, ಪದ್ಯವನ್ನು ಮತ್ತೆ ಮೊದಲಿನಿಂದ ಹಿಡಿದರು. ಅವರ ಓದು ಮುಗಿಯುವವರೆಗೆ ಅಲ್ಲೇ ನಿಂತಿದ್ದೆ.