ಪರೀಕ್ಷಿಸಿಕೊಂಡು, ಆಮೇಲೆ ತಿನ್ನಲಿ

ಶುಭ ಶುಕ್ರವಾರದ ಹಿಂದಿನ ರಾತ್ರಿ ಕರ್ತನ ಭೋಜನದ ಆರಾಧನೆ. ಸಭಾಪಾಲಕರು 1 ಕೊರಿಂಥದ, ಅಂದರೆ ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ, 11ನೇ ಅಧ್ಯಾಯ ಓದುತ್ತಾರೆ. ಅಯೋಗ್ಯವಾಗಿ ತಿಂದು ಕುಡಿಯುವವನು ನ್ಯಾಯತೀರ್ಪಿಗೆ ಒಳಗಾಗುತ್ತಾನೆ ಎಂಬ ಮಾತು ಕಿವಿಗೆ ಬಿದ್ದೊಡನೆ ಹಿಂದಿನ ಬೆಂಚಿನಲ್ಲಿ ಕೆಲವರು ತಲೆ ತಗ್ಗಿಸಿ ಕೂತುಬಿಡುತ್ತಾರೆ. ಪಕ್ಕದವರು ಎದ್ದು ರೊಟ್ಟಿ, ದ್ರಾಕ್ಷಾರಸ ಇಟ್ಟ ಮೇಜಿನ ಬಳಿಗೆ ಹೋದರೂ ಅವರು ಏಳುವುದಿಲ್ಲ. ಆ ಭಯದಲ್ಲಿ ಭಕ್ತಿಯಿದೆ ನಿಜ, ಆದರೆ ಪೌಲನ ಮಾತನ್ನು ಅರ್ಧಕ್ಕೇ ಕೇಳಿಸಿಕೊಂಡ ಭಕ್ತಿ ಅದು.

28ನೇ ವಚನ ನೋಡಿ. ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಎನ್ನುತ್ತದೆ. ಪರೀಕ್ಷಿಸಿಕೊಂಡು ದೂರ ಉಳಿಯಲಿ ಎನ್ನುವುದಿಲ್ಲ. ‘ಅಯೋಗ್ಯವಾಗಿ’ ಎಂಬುದು ತಿನ್ನುವ ರೀತಿಯ ಮಾತು. ತಿನ್ನುವವನ ಯೋಗ್ಯತೆಯನ್ನೇ ಅಳೆಯುವುದಾದರೆ ಆ ಮೇಜಿನ ಬಳಿಗೆ ಯಾರೂ ಬರುವ ಹಾಗಿಲ್ಲ.

ಕೊರಿಂಥದಲ್ಲಿ ಕೆಟ್ಟದ್ದು ಊಟದ ರೀತಿಯೇ. ಸಭೆ ಕೂಡಿದಾಗ ಉಳ್ಳವರು ತಮ್ಮ ಊಟವನ್ನು ಮೊದಲೇ ಮುಗಿಸುತ್ತಿದ್ದರು. ಒಬ್ಬ ಹಸಿದಿದ್ದರೆ ಇನ್ನೊಬ್ಬನಿಗೆ ಅಮಲೇರಿರುತ್ತಿತ್ತು. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲ ಗದರಿಸುವುದು ಇದಕ್ಕೆ. ಪರಿಹಾರವನ್ನೂ ಅಷ್ಟೇ ಸರಳವಾಗಿ ಹೇಳುತ್ತಾನೆ: ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ.

ಇಲ್ಲಿ ಗ್ರೀಕ್ ಮೂಲದ ಮೂರು ಪದಗಳನ್ನು ಬಿಡಿಸಿ ನೋಡಬೇಕು; ಕನ್ನಡದಲ್ಲಿ ಅವು ಒಂದರೊಳಗೊಂದು ಬೆರೆತುಹೋಗುತ್ತವೆ. ‘ಕ್ರಿನೋ’ ಎಂದರೆ ತೀರ್ಪು ಮಾಡುವುದು. ‘ಡಿಯಾಕ್ರಿನೋ’ ಎಂದರೆ ಬೇರ್ಪಡಿಸಿ ತೂಗಿ ನೋಡುವುದು. ‘ಕಟಕ್ರಿನೋ’ ಎಂದರೆ ಅಪರಾಧಿಯೆಂದು ನಿರ್ಣಯಿಸಿ ದಂಡನೆಗೆ ಒಪ್ಪಿಸುವುದು. ನಮ್ಮನ್ನು ನಾವೇ ತೂಗಿ ನೋಡಿಕೊಂಡಿದ್ದರೆ ತೀರ್ಪಿಗೆ ಒಳಗಾಗುತ್ತಿರಲಿಲ್ಲ. ಒಳಗಾದರೂ ಕರ್ತನು ನಮ್ಮನ್ನು ಶಿಕ್ಷಿಸುವುದು ಲೋಕದ ಸಂಗಡ ನಮಗೆ ಆ ಮೂರನೆಯದು, ದಂಡನೆಯ ನಿರ್ಣಯ, ಆಗಬಾರದೆಂದೇ. ಈ ‘ಶಿಕ್ಷಿಸುವುದು’ ಮಗುವನ್ನು ತಿದ್ದಿ ಬೆಳೆಸುವುದಕ್ಕೆ ಬಳಸುವ ಪದ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಇಲ್ಲವೆಂದು ರೋಮಾಪುರ 8:1 ಹೇಳುವುದೂ ಆ ಮೂರನೆಯದನ್ನೇ.

ಹಾಗಂತ ಲೆಕ್ಕ ಒಪ್ಪಿಸುವುದು ತಪ್ಪುವುದಿಲ್ಲ. ನಾವೆಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ನಿಲ್ಲಬೇಕು (2 ಕೊರಿಂಥ 5:10). ನ್ಯಾಯಾಸನಕ್ಕೆ ಅಲ್ಲಿರುವ ‘ಬೇಮಾ’ ಎಂಬ ಗ್ರೀಕ್ ಪದ ಕೊರಿಂಥದವರಿಗೆ ಅಪರಿಚಿತವಲ್ಲ. ರೋಮನ್ ಅಧಿಪತಿ ಗಲ್ಲಿಯೋನನು ಪೌಲನ ಮೇಲಿನ ದೂರನ್ನು ತಳ್ಳಿಹಾಕಿದ್ದು ಅವರ ಊರಿನ ಅಂಥದ್ದೇ ನ್ಯಾಯಾಸನದಿಂದ. ಹುಲ್ಲು, ಆಪು, ಕಟ್ಟಿಗೆಯಿಂದ ಕಟ್ಟಿದ ಕೆಲಸ ಸುಟ್ಟುಹೋದೀತು. ಕಟ್ಟಿದವನು ಬೆಂಕಿಯೊಳಗಿಂದ ತಪ್ಪಿಸಿಕೊಂಡವನಂತೆ ಉಳಿಯುತ್ತಾನೆ (1 ಕೊರಿಂಥ 3:15). ಕೆಲಸಕ್ಕೆ ನಷ್ಟ, ಪ್ರಾಣಕ್ಕಲ್ಲ. ವಿಶ್ವಾಸಿ ಕೊನೆಗೆ ನಂಬಿಕೆಯಿಂದ ಬಿದ್ದುಹೋಗಬಹುದೇ ಎಂಬಲ್ಲಿ ಸಭೆಗಳು ಒಮ್ಮತದಲ್ಲಿಲ್ಲ: ನೆದರ್ಲೆಂಡ್ಸ್‌ನಲ್ಲಿ ರಿಫಾರ್ಮ್ಡ್ ಸಭೆಗಳವರು ಕೂಡಿದ 1618–19ರ ಡಾರ್ಟ್ ಸಭೆ ಇಲ್ಲವೆಂದಿತು, ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಆ ಅಪಾಯ ನಿಜವೆಂದರು. ಪರೀಕ್ಷಿಸಿಕೊಂಡು ಮೇಜಿಗೆ ಬನ್ನಿ ಎಂದು ಇಬ್ಬರೂ ಕರೆದರು.

ಪರೀಕ್ಷೆಗೆ ಆರಾಧನೆಯ ನಡುವಿನ ಎರಡು ನಿಮಿಷದ ಮೌನ ಸಾಲದು. ಹಿಂದಿನ ಸಂಜೆ ಅರ್ಧ ತಾಸು ಕೂತು, ಕೀರ್ತನೆ 139ರ ಕೊನೆಯ ಎರಡು ವಚನಗಳನ್ನು ನಿಧಾನವಾಗಿ ಓದಿ. ‘ನಾನು ಪಾಪಿ’ ಎಂದಷ್ಟೇ ಹೇಳಿ ಎದ್ದರೆ ಪರೀಕ್ಷೆ ಆಗಿಲ್ಲ, ಪಾಪಕ್ಕೆ ಹೆಸರಿಡಬೇಕು. ಕೆಲಸದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯಿದ್ದರೆ ಅಂದೇ ಕೊಡಿ, ಕೊರಿಂಥದ ತಪ್ಪಿಗೆ ಅದಕ್ಕಿಂತ ಹತ್ತಿರದ್ದಿಲ್ಲ. ಮಾತು ಬಿಟ್ಟ ತಮ್ಮನಿಗೆ ಫೋನ್ ಮಾಡಿ. ಅವನು ಎತ್ತದಿದ್ದರೆ? ನಿಮ್ಮಿಂದಾಗುವ ಮಟ್ಟಿಗೆ ಎಂದು ರೋಮಾಪುರ 12:18 ಗೆರೆ ಎಳೆದಿದೆ. ಆ ಗೆರೆಯವರೆಗೆ ಹೋಗಿದ್ದರೆ ಮೇಜಿಗೆ ಬನ್ನಿ. ಕಣ್ಣೀರು ಬರಲಿಲ್ಲವೆಂದು ಹಿಂಜರಿಯಬೇಡಿ.

ಈ ಭೋಜನ ಶುರುವಾದ ಆ ಮೊದಲ ರಾತ್ರಿ, ನಿಮ್ಮಲ್ಲೊಬ್ಬನು ನನ್ನನ್ನು ಹಿಡುಕೊಡುವನು ಎಂದು ಯೇಸು ಹೇಳಿದಾಗ ಶಿಷ್ಯರು ಒಬ್ಬೊಬ್ಬರಾಗಿ, ನಾನಲ್ಲವಲ್ಲಾ ಕರ್ತನೇ, ಎಂದು ಕೇಳಿದರು. ಪಾತ್ರೆ ಪೇತ್ರನ ಕೈಗೂ ಬಂತು. ಕೋಳಿ ಕೂಗುವ ಮುಂಚೆ ಅವನು ತನ್ನನ್ನು ಅರಿಯೆನೆನ್ನುವನೆಂದು ಪಾತ್ರೆ ಕೊಟ್ಟ ಯೇಸುವಿಗೆ ಗೊತ್ತಿತ್ತು. ನಿನ್ನ ನಂಬಿಕೆ ಕುಂದಿಹೋಗದಂತೆ ನಿನಗಾಗಿ ಬೇಡಿಕೊಂಡಿದ್ದೇನೆ ಎಂದು ಅದೇ ರಾತ್ರಿ ಅವನಿಗೆ ಹೇಳಿದ್ದನು.