ಚಟ್ನಿ ಅರ್ಧಕ್ಕೆ ನಿಂತ ಬೆಳಿಗ್ಗೆ

ಶಿವಮೊಗ್ಗದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಇಡ್ಲಿ ಬೆಂದಿತ್ತು. ಮಗಳ ಟಿಫಿನ್ ಡಬ್ಬಿ ತೆರೆದಿಟ್ಟು, ಚಟ್ನಿಗೆ ಇನ್ನಷ್ಟು ನೀರು ಹಾಕಿ ಮಿಕ್ಸಿ ತಿರುಗಿಸಿದೆ. ಟಪ್ ಅಂತ ಮನೆಯೆಲ್ಲ ಕತ್ತಲು. ಎದುರುಮನೆಯಲ್ಲಿ ಮಾತ್ರ ಲೈಟು ಉರಿಯುತ್ತಿತ್ತು.

ಹಾಲ್‌ನ ಗೋಡೆಯಲ್ಲಿರುವ ಕರೆಂಟ್ ಬಾಕ್ಸ್ ತೆರೆದೆ. ಒಂದೊಂದು ಕಡೆಗೆ ಒಂದೊಂದರಂತೆ ಇರುವ ಸಣ್ಣ ಸ್ವಿಚ್‌ಗಳು, ಎಂಸಿಬಿಗಳು, ಎಲ್ಲ ಮೇಲೇ ಇದ್ದವು. ಪಕ್ಕದ ಅಗಲದ್ದು, ಆರ್‌ಸಿಸಿಬಿ ಅನ್ನುವ ಸುರಕ್ಷತೆಯ ಸ್ವಿಚ್, ಕೆಳಗೆ ಬಿದ್ದಿತ್ತು. ಎತ್ತಿದೆ. ತಕ್ಷಣ ಮತ್ತೆ ಬಿತ್ತು. "ಇನ್ನೊಂದ್ಸಲ ಎತ್ತಿ ನೋಡಮ್ಮಾ" ಎಂದರು ಅತ್ತೆ. ಕೈಯೂ ಮೇಲೆ ಹೋಯಿತು. ಆಗ ನೋಡಿಕೊಂಡೆ: ಕೈ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ, ನೆಲ ತಣ್ಣಗೆ ಬೆವೆತಿದೆ.

ನನ್ನ ತವರಿನಲ್ಲಿ ಫ್ಯೂಸ್ ಪದೇಪದೇ ಹೋಗುತ್ತೆ ಅಂತ ಅಪ್ಪ ಒಮ್ಮೆ ದಪ್ಪ ತಂತಿ ಕಟ್ಟಿಬಿಟ್ಟಿದ್ದರು. ಫ್ಯೂಸ್ ಹೋಗುವುದು ನಿಂತಿತು, ಬೋರ್ಡೇ ಸುಟ್ಟಿತು. ಗೋಡೆಯ ಆ ಕಪ್ಪು ಕಲೆ ಸುಣ್ಣ ಬಳಿದರೂ ಪೂರ್ತಿ ಹೋಗಲಿಲ್ಲ. ಎತ್ತಿದ ಕೈ ಇಳಿಸಿದೆ. ಕೈ ಒರೆಸಿಕೊಂಡು, ರಬ್ಬರ್ ಚಪ್ಪಲಿ ಹಾಕಿ, ನಮ್ಮ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ.

"ಸುಟ್ಟ ವಾಸನೆ ಇದ್ಯಾ ಅಕ್ಕಾ? ಪ್ಲಗ್ ಪಾಯಿಂಟ್ ಕಪ್ಪಾಗಿದ್ಯಾ? ಗೋಡೆ ನೆಂದಿದ್ಯಾ?" ಯಾವುದೂ ಇರಲಿಲ್ಲ. ಇದ್ದಿದ್ದರೆ ಏನನ್ನೂ ಮುಟ್ಟಬೇಡಿ ಅನ್ನುತ್ತಿದ್ದರಂತೆ. "ಲೋಡ್ ಜಾಸ್ತಿಯಾದ್ರೆ, ಶಾರ್ಟ್ ಆದ್ರೆ ಸಣ್ಣದು ಬೀಳುತ್ತೆ. ಅಗಲದ್ದು ಬಿತ್ತು ಅಂದ್ರೆ ಎಲ್ಲೋ ಕರೆಂಟ್ ಲೀಕ್ ಆಗ್ತಿದೆ. ಸುಮ್ನೆ ಎತ್ತಬೇಡಿ."

ಅವರು ಹೇಳಿದಂತೆ ಸಣ್ಣವನ್ನೆಲ್ಲ ಇಳಿಸಿ ಅಗಲದ್ದನ್ನು ಎತ್ತಿದೆ. ನಿಂತಿತು. ಆಮೇಲೆ ಒಂದೊಂದೇ ಎತ್ತುತ್ತಾ ಬಂದೆ. ಹಾಲ್, ರೂಮು, ಬಚ್ಚಲುಮನೆ. ಅಡುಗೆಮನೆಯದು ಎತ್ತಿದ್ದೇ ತಡ, ಟಪ್!

ಅದನ್ನು ಇಳಿಸಿಯೇ ಇಟ್ಟು ಅಡುಗೆಮನೆಗೆ ಹೋದೆ. "ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕೀಳಿ. ಸ್ವಿಚ್ಚು ಫೇಸ್ ಮಾತ್ರ, ಅಂದ್ರೆ ಕರೆಂಟ್ ಬರೋ ತಂತಿ ಮಾತ್ರ ಕಟ್ ಮಾಡುತ್ತೆ" ಎಂದರು. ಇಷ್ಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ. ಫ್ರಿಜ್, ಗ್ರೈಂಡರ್, ಮಿಕ್ಸಿ, ಮೂರರ ಪ್ಲಗ್ಗನ್ನೂ ಕಿತ್ತೆ. ಈಗ ಬಾಕ್ಸ್‌ನಲ್ಲಿ ಅಗಲದ್ದನ್ನೂ ಅಡುಗೆಮನೆಯದನ್ನೂ ಎತ್ತಿದರೆ ಎಲ್ಲವೂ ಮೇಲೆ ನಿಂತವು. ಫ್ರಿಜ್ ಹಾಕಿದೆ, ಗ್ರೈಂಡರ್ ಹಾಕಿದೆ. ಏನೂ ಆಗಲಿಲ್ಲ. ಮಿಕ್ಸಿ ಹಾಕಿ ನೋಡುವ ಅಗತ್ಯವೇ ಬರಲಿಲ್ಲ. ಎತ್ತಿದೆನಷ್ಟೆ, ತಳದಿಂದ ಬಿಳಿ ನೀರು ಎರಡು ಹನಿ ಕಟ್ಟೆಯ ಮೇಲೆ ಬಿತ್ತು. ತೆಂಗಿನಕಾಯಿಯ ವಾಸನೆ.

ಮಧ್ಯಾಹ್ನ ಅವರೇ ಬಂದು ಬಿಚ್ಚಿದರು. ಜಾರಿನ ತಳದ ಬುಷ್ ಸವೆದು ನೀರು ಮೋಟಾರಿಗೆ ಇಳಿದಿತ್ತು. ಹೋಗುವ ಕರೆಂಟಿಗೂ ವಾಪಸ್ ಬರುವ ಕರೆಂಟಿಗೂ 30 ಮಿಲಿಆಂಪ್ ವ್ಯತ್ಯಾಸ ಬಂದರೆ ಸಾಕು, ಆ ಅಗಲದ ಸ್ವಿಚ್ ಬೀಳುತ್ತದಂತೆ. "ಅರ್ಥಿಂಗ್ ಸರಿಯಾಗಿದೆ, ಅದಕ್ಕೇ ತಾನಾಗೇ ಬಿತ್ತು. ಇಲ್ಲದಿದ್ರೆ ಯಾರಾದ್ರೂ ಮುಟ್ಟಿದ ಮೇಲೆ ಬೀಳ್ತಿತ್ತು" ಎಂದರು. ಬೆಳಿಗ್ಗೆ ಮಗಳು ಡಬ್ಬಿಗಾಗಿ ಆ ಮಿಕ್ಸಿಯ ಪಕ್ಕದಲ್ಲೇ ನಿಂತಿದ್ದಳು. ನನಗೆ ಕೂರಲೇಬೇಕಾಯಿತು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಆ ಅಗಲದ ಸ್ವಿಚ್ ಸರಿಯಾಗಿ ಬೀಳುತ್ತದಾ ಅಂತ ಅದರ ಮೇಲಿರುವ 'ಟಿ' (ಟೆಸ್ಟ್) ಬಟನ್ ಒತ್ತಿ ನೋಡುತ್ತೇನೆ. ಫ್ಯಾನ್ ನಿಂತ ಕೂಡಲೇ ಅತ್ತೆ ಒಳಗಿಂದ ಕೇಳುತ್ತಾರೆ, "ಬಿತ್ತಾ?"

"ಬಿತ್ತು, ಅತ್ತೆ."