ಉಳಿದ ಅರ್ಧ ಶೀಶೆ

“ಉಳಿದದ್ದನ್ನು ಚೆಲ್ಲುವುದೇಕೆ? ನನಗೂ ಥೈರಾಯ್ಡ್ ತಾನೆ ಇರುವುದು, ಇತ್ತ ಕೊಡು.”

ಮೊನ್ನೆ ಚಿಕ್ಕಮ್ಮ ಹೀಗೆಂದು ಕೈ ಚಾಚಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಶೀಶೆಯಲ್ಲಿದ್ದದ್ದು ಲುಗಾಲ್ ದ್ರಾವಣ, ಅಂದರೆ ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಬೆರೆತ ಕಂದು ನೀರು. ಗ್ರೇವ್ಸ್ ಕಾಯಿಲೆಯಿಂದ ಮಿತಿಮೀರಿ ಹಾರ್ಮೋನು ಸುರಿಸುತ್ತಿದ್ದ ಅಕ್ಕನ ಥೈರಾಯ್ಡ್ ಗ್ರಂಥಿಯನ್ನು ತೆಗೆಯುವ ಮುನ್ನ, ಮೊದಲಿನಿಂದ ನುಂಗುತ್ತಿದ್ದ ಮಾತ್ರೆಯನ್ನು ನಿಲ್ಲಿಸದೆ, ಹತ್ತು ದಿನ ಮೂರು ಹೊತ್ತು ಐದೈದು ಹನಿ ಕೊಡಲು ವೈದ್ಯರು ಬರೆದುಕೊಟ್ಟಿದ್ದರು. ಹನಿ ಎಣಿಸುತ್ತಿದ್ದವಳು ನಾನೇ. ಊಟದ ನಂತರ ಲೋಟದ ತುಂಬ ನೀರಿಗೆ ಬೆರೆಸಿ, ಹಲ್ಲಿಗೆ ಕಲೆ ಹಿಡಿಯದಂತೆ ಸ್ಟ್ರಾ ಇಟ್ಟು ಕೊಡುತ್ತಿದ್ದೆ. ಬಾಯಿ ಉರಿ, ಒಸಡು ನೋವು, ವಿಪರೀತ ಜೊಲ್ಲು, ಮೈಮೇಲೆ ದದ್ದು ಇವುಗಳಲ್ಲಿ ಯಾವುದು ಕಂಡರೂ ತಿಳಿಸಬೇಕೆಂದು ಹೇಳಿದ್ದರಿಂದ ದಿನವೂ ಅವಳ ಬಾಯನ್ನು ಇಣುಕಿ ನೋಡುತ್ತಿದ್ದೆ.

ಚಿಕ್ಕಮ್ಮನದು ಹಶಿಮೊಟೊ ಕಾಯಿಲೆ. ಗ್ರಂಥಿ ಸೊರಗಿ, ಹಾರ್ಮೋನು ಸಾಲದೆ, ವರ್ಷಗಳಿಂದ ಮಾತ್ರೆಯ ಮೇಲಿದ್ದಾರೆ. “ಉಪ್ಪಿಗೂ ಅಯೋಡಿನ್ ಹಾಕುತ್ತಾರಲ್ಲ, ಒಳ್ಳೆಯದೇ ಇರಬೇಕು” ಎಂಬುದು ಅವರ ವಾದ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಈ ದ್ರಾವಣದ ಒಂದೇ ಹನಿಯಲ್ಲಿ ಸುಮಾರು 6 ಮಿಲಿಗ್ರಾಂ ಇರುತ್ತದೆ, ಎಂದರೆ ನಲವತ್ತು ದಿನಗಳ ಪಾಲು. ಇಷ್ಟು ಅಯೋಡಿನ್ ಒಮ್ಮೆಲೇ ಬಂದರೆ ಗ್ರಂಥಿ ಹಾರ್ಮೋನು ತಯಾರಿಸುವುದನ್ನೇ ತಡೆಹಿಡಿಯುತ್ತದೆ ಎಂಬುದನ್ನು ವೋಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು 1948ರಲ್ಲಿ ಇಲಿಗಳಲ್ಲಿ ತೋರಿಸಿದ್ದರು. ಅಕ್ಕನಿಗೆ ಬೇಕಾಗಿದ್ದದ್ದು ಆ ತಡೆಯೇ. ಗ್ರಂಥಿಗೆ ಹರಿಯುವ ರಕ್ತವೂ ತಗ್ಗುವುದರಿಂದ ಶಸ್ತ್ರಚಿಕಿತ್ಸೆಗೆ ಅನುಕೂಲ. ಆರೋಗ್ಯವಂತ ಗ್ರಂಥಿ ಕೆಲವು ದಿನಗಳಲ್ಲಿ ಆ ತಡೆಯನ್ನು ದಾಟಿಬಿಡುತ್ತದೆ, ಹಶಿಮೊಟೊ ಹಿಡಿದ ಗ್ರಂಥಿಗೆ ಹಲವು ಬಾರಿ ಅದು ಆಗುವುದಿಲ್ಲ, ಉಳಿದ ಅಷ್ಟಿಷ್ಟು ಕಸುವೂ ಕುಂದುತ್ತದೆ. ಗಂಟುಗಳಿರುವ ಗ್ರಂಥಿಯಲ್ಲಿ ಇದೇ ಅಯೋಡಿನ್ ತದ್ವಿರುದ್ಧವಾಗಿ ಹಾರ್ಮೋನನ್ನು ಉಕ್ಕಿಸಲೂಬಹುದು.

ಚಿಕ್ಕಮ್ಮ ಅಜಾಗರೂಕರಲ್ಲ. ಬೆಳಗಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತಪ್ಪದೆ ನುಂಗುವವರು, ಏನನ್ನೂ ಹಾಳುಮಾಡದವರು. ಆ ಒಳ್ಳೆಯ ಗುಣವೇ ಅವರನ್ನು ಶೀಶೆಯತ್ತ ಎಳೆದದ್ದು ನನ್ನನ್ನು ಹೆಚ್ಚು ಕಲಕಿತು. ನನ್ನ ಸಿಟ್ಟೆಲ್ಲ “ವೈದ್ಯರ ಸಲಹೆಯಂತೆ” ಎಂದಷ್ಟೇ ಶೀಶೆಯ ಚೀಟಿಯಲ್ಲಿ ಬರೆದು ಕೈಗಿತ್ತವರ ಮೇಲೆ. ಯಾರಿಗೆ, ಎಷ್ಟು ದಿನ ಎಂಬ ಎರಡು ಮಾತನ್ನು ಬರೆಯಲು ಎಷ್ಟು ಶಾಯಿ ಬೇಕಿತ್ತು?

“ನನಗೂ ಥೈರಾಯ್ಡ್ ತಾನೆ.” ಹಾಗೆ ನೋಡಿದರೆ ಥೈರಾಯ್ಡ್ ಇಲ್ಲದವರು ಯಾರು? ಅಂಗದ ಹೆಸರನ್ನೇ ನಾವು ರೋಗದ ಹೆಸರಾಗಿಸಿಕೊಂಡಿದ್ದೇವೆ. “ನನಗೆ ಹೃದಯ ಇದೆ” ಎಂದು ಯಾರೂ ಕಾಯಿಲೆ ಹೇಳಿಕೊಳ್ಳುವುದಿಲ್ಲ. ಅತಿಯಾಗಿ ದುಡಿಯುವ ಗ್ರಂಥಿಗೂ ದುಡಿಯಲಾರದ ಗ್ರಂಥಿಗೂ ಒಂದೇ ಹೆಸರಿಟ್ಟ ಮೇಲೆ ಔಷಧವೂ ಒಂದೇ ಎಂದು ಅವರು ಎಣಿಸಿದ್ದರಲ್ಲಿ ಆಶ್ಚರ್ಯವೇನು? ನಾನೂ ಇಷ್ಟು ವರ್ಷ ಹಾಗೆಯೇ ಮಾತನಾಡಿದವಳು.

ಎಲ್ಲವನ್ನೂ ಕೇಳಿಸಿಕೊಂಡು ಚಿಕ್ಕಮ್ಮ, “ಹಾಗಾದರೆ ನನ್ನದಕ್ಕೆ ಏನೆನ್ನಬೇಕು?” ಎಂದರು. ಚೀಟಿಯಲ್ಲಿ “ಹಶಿಮೊಟೊ” ಎಂದು ದೊಡ್ಡದಾಗಿ ಬರೆದುಕೊಟ್ಟೆ. ಎರಡು ಬಾರಿ ಓದಿ, ಮಡಚಿ ಮಾತ್ರೆಯ ಡಬ್ಬಿಯಲ್ಲಿಟ್ಟುಕೊಂಡರು. ಶೀಶೆ ಸದ್ಯಕ್ಕೆ ನನ್ನ ಕೈಚೀಲದಲ್ಲಿದೆ. ನಾಳೆ ಅಕ್ಕನ ಹೊಲಿಗೆ ತೋರಿಸಲು ಹೋದಾಗ ಆಸ್ಪತ್ರೆಯ ಔಷಧ ವಿಭಾಗಕ್ಕೆ ಒಪ್ಪಿಸಿ ಬರುತ್ತೇನೆ.